ಕಾಲು ಮುಂದಾಗಿ ಹುಟ್ಟಿದವಳು

ನಾನು ಕಾಲು ಮುಂದಾಗಿ ಹುಟ್ಟಿದವಳು. ಭೂಮಿ ಬಿಸಿಯೋ ತಂಪೋ ಎಂದು ನೋಡಲು ಮೊದಲು ಕಾಲನ್ನೇ ಚಾಚಿದೆನಂತೆ. ಭೂಮಿತಾಯಿಗೆ ನಗು ಬಂದು ಆ ಪಾದಕ್ಕೊಂದು ವರ ಕೊಟ್ಟಳಂತೆ. ಇದು ಅಜ್ಜಿಯ ಕಥೆ. ಅಂಥವರು ಮೆಲ್ಲಗೆ ಒದ್ದರೆ ಸೊಂಟನೋವು ಹೋಗುತ್ತದೆಂಬ ನಂಬಿಕೆ ಉಡುಪಿಯಿಂದ ಬೊಂಬಾಯಿಯ ಕುರ್ಲಾದ ಚಾಳಿಗೂ ನಮ್ಮ ಜೊತೆಯೇ ಬಂದಿತ್ತು.

ಬೆಳಗಾದರೆ ಬಾಗಿಲಲ್ಲಿ ಯಾರಾದರೊಬ್ಬರು ಬೆನ್ನು ತಿರುಗಿಸಿ ನಿಂತಿರುತ್ತಿದ್ದರು. ಹೋಟೆಲಿನಲ್ಲಿ ರುಬ್ಬುವ ಕಲ್ಲಿನ ಮುಂದೆ ಬಗ್ಗಿಯೇ ಇರುವ ಕೊರಗಪ್ಪ. ಆಫೀಸಿನಲ್ಲಿ ದಿನವಿಡೀ ಕುರ್ಚಿ ಬಿಟ್ಟೇಳದ ಮೈಸೂರಿನ ಜಯಸಿಂಹರು. ಒಬ್ಬ ಮೈಮುರಿದು ದುಡಿದು, ಇನ್ನೊಬ್ಬರು ಅಲುಗಾಡದೆ ಕೂತು, ಇಬ್ಬರೂ ಬಂದು ಸೇರುವುದು ನನ್ನ ಕಾಲಬುಡಕ್ಕೇ! ಹಬ್ಬಕ್ಕೆ ರಜೆ ಸಿಕ್ಕಿದರೆ ಕೊರಗಪ್ಪನ ನೋವು ತಾನಾಗಿ ಇಳಿಯುತ್ತಿತ್ತು. ಹೆಸರು ನನ್ನ ಕಾಲಿಗೆ ಬರುತ್ತಿತ್ತು.

ಕಾಲು ಸೋತದ್ದು ನಮ್ಮ ಮನೆಯಲ್ಲೇ. ಅತ್ತಿಗೆ ಶೀಲಾವತಿ ಹೆತ್ತು ಕೆಲವು ತಿಂಗಳಾಗಿತ್ತಷ್ಟೇ. ಬಗ್ಗಿದರೆ ಏಳಲಾಗದ ಸೊಂಟನೋವು. ಎಷ್ಟು ಒದ್ದರೂ ಇಳಿಯಲಿಲ್ಲ.

"ಈ ಸೊಂಟ ಇಟ್ಟುಕೊಂಡು ಬೊಂಬಾಯಿಯಲ್ಲಿ ಸಂಸಾರ ಮಾಡ್ಲಿಕ್ಕೆ ಆಗ್ತದಾ?" ಎಂದಳು ಅಮ್ಮ. "ಬರುವ ಸ್ಟೀಮರಿಗೆ ತಾಯಿಮನೆಗೆ ಹೋಗ್ಲಿ. ಗುಣ ಆದ್ರೆ ಕರೆಸುವುದು ನೋಡುವ."

ಆ 'ನೋಡುವ' ಎಂಬುದಕ್ಕೇ ಅತ್ತಿಗೆ ಹೆದರಿದಳು. "ವಿನೋದಿನೀ, ಇನ್ನೊಮ್ಮೆ ಒದೆ ಮಾರಾಯ್ತಿ. ಜೋರು ಒದೆ," ಎಂದು ಅತ್ತಳು.

ಮರುದಿನ ನೀರು ತರಲು ಅವಳ ಹಿಂದೆಯೇ ಕೆಳಗಿನ ನಳ್ಳಿಗೆ ಇಳಿದೆ. ಮಂಡಿ ಮಡಚದೆ ಬಗ್ಗಿ, ತುಂಬಿದ ತಾಮ್ರದ ಕೊಡವನ್ನು ಒಂದೇ ಎಳೆತಕ್ಕೆ ಎತ್ತಿ, ಸೊಂಟ ತಿರುಚಿ ಒಂದೇ ಪಕ್ಕಕ್ಕೆ ಏರಿಸಿಕೊಂಡು ಮೂರನೆಯ ಮಾಳಿಗೆಗೆ ಹತ್ತಿದಳು. ಮತ್ತೆ ಇಳಿದಳು. ಹಂಡೆ ತುಂಬುವವರೆಗೂ ಅದೇ. ಮೇಲೆ ನನ್ನ ಅಣ್ಣ ಸದಾನಂದ ಮುಸುಕು ಹೊದ್ದು ಮಲಗಿದ್ದ. ಇಷ್ಟು ನೀರಿನೆದುರು ಭೂಮಿತಾಯಿಯ ವರವಾದರೂ ಏನು ಮಾಡೀತು?

ಅತ್ತಿಗೆ ಬೆನ್ನು ತಿರುಗಿಸಿ ನಿಂತಾಗ ನಾನು ಕಾಲು ಮಡಚಿ ಕೂತೆ.

"ಒದೆಯುವುದಿಲ್ಲ. ಒದೆ ನಾಟಬೇಕಾದ್ರೆ ಒದೆಸಿಕೊಂಡವರು ನೋವು ಪೂರ್ತಿ ಹೋಗುವ ತನಕ ತುಂಬಿದ ಕೊಡ ಮುಟ್ಟಬಾರದು. ಮುಟ್ಟಿದ್ರೆ ಆ ನೋವು ಮನೆಯ ಹಿರಿಯರಿಗೆ ಹತ್ತುತ್ತದೆ."

ಅಮ್ಮನ ಕೈ ತಾನಾಗಿ ಸೊಂಟಕ್ಕೆ ಹೋಯಿತು. "ನಿನ್ನ ಅಜ್ಜಿ ನನಗೆ ಹೀಗೆ ಹೇಳಿದ್ದೇ ಇಲ್ಲ!"

"ಕಾಲು ಯಾರದ್ದಮ್ಮಾ? ನಿನ್ನದಾ, ನನ್ನದಾ?"

ಅಮ್ಮ ಎದ್ದುಹೋಗಿ ಅಣ್ಣನ ಮುಸುಕು ಎಳೆದಳು. "ಏಳೋ ಭೀಮ! ಕೊಡ ಹಿಡಿ."

"ನಾನಾ? ನಳ್ಳಿ ಹತ್ರ ಹೆಂಗಸರೆಲ್ಲ ನಗ್ತಾರೆ."

"ನಗ್ಲಿ. ಅವರ ಹಲ್ಲಿಗೆ ಸ್ವಲ್ಪ ಗಾಳಿ ತಾಗ್ಲಿ."

ಅಣ್ಣ ಒಂದು ಕೊಡ ಹಿಡಿದ, ನಾನೊಂದು. ಆ ಸ್ಟೀಮರು ಹೋಯಿತು, ಮುಂದಿನದೂ ಹೋಯಿತು. ಅತ್ತಿಗೆ ನಮ್ಮಲ್ಲೇ ಉಳಿದಳು. ಬರಬರುತ್ತ ಮುಖ ಕಿವುಚದೆ ತೊಟ್ಟಿಲಿನಿಂದ ಮಗುವನ್ನು ಎತ್ತಿಕೊಳ್ಳತೊಡಗಿದಳು.

ಒಂದು ಬೆಳಗ್ಗೆ ಪಕ್ಕದ ಚಾಳಿನ ನೀಲಕಂಠಪ್ಪ ಹೆಂಡತಿಯನ್ನು ಕರೆತಂದ. ನಾನಿನ್ನೂ ಕಾಲು ಚಾಚಿರಲಿಲ್ಲ, ಅಮ್ಮ ಬಾಗಿಲಿಗೆ ಅಡ್ಡ ನಿಂತಳು.

"ನಿಮ್ಮ ಮನೆಗೆ ನೀರು ಹೊರುವುದು ಯಾರು?"

ಅವನು ಹೆಂಡತಿಯ ಮುಖ ನೋಡಿದ.

"ಹಾಗಾದ್ರೆ ಮೊದಲು ನೀನು ಕೊಡ ಹಿಡಿ ಮಾರಾಯ. ಒದೆ ಆಮೇಲೆ."