ಹನ್ನೊಂದನೆಯ ಸಾಲು

ಇಂಗ್ಲಿಷ್ ವರದಿಯ ಅರವತ್ತೊಂದನೆಯ ಪುಟದ ಹನ್ನೊಂದನೆಯ ಸಾಲಿನ ಕೆಳಗೆ ಸ್ಕೇಲು ಇಟ್ಟು ಶಾಂಭವಿ ಮೂರನೆಯ ಬಾರಿ ಓದಿದಳು. ಮೂರನೆಯ ಬಾರಿಯೂ ಅಲ್ಲಿ ಅದೇ ಇತ್ತು: ಗೋದಾಮು, ಸೂಕ್ಷ್ಮ ಸ್ಥಳವಲ್ಲ, ಎಂಬತ್ತನಾಲ್ಕು ಮೀಟರ್. ಅವಳು ಬರೆದುಕೊಟ್ಟಿದ್ದು ಅಂಗನವಾಡಿ ಕೇಂದ್ರ, ಇಪ್ಪತ್ತಮೂರು ಮಕ್ಕಳು ಎಂದು. ದೂರ ಮಾತ್ರ ಅವಳು ಅಳೆದಷ್ಟೇ ಉಳಿದಿತ್ತು. ಮಕ್ಕಳನ್ನು ಅಳಿಸಿದವರು ಮೀಟರುಗಳನ್ನು ಮುಟ್ಟಿರಲಿಲ್ಲ.

ಪೀಣ್ಯದ ಹಳೆಯ ಫೌಂಡ್ರಿಯೊಂದರ ಜಾಗದಲ್ಲಿ ರಾಕೆಟ್ ಕಂಪನಿ ತನ್ನ ಪ್ರಾಯೋಗಿಕ ಉಡಾವಣಾ ವಾಹನದ ಎಂಜಿನನ್ನು ನೆಲಕ್ಕೆ ಬಿಗಿದು ಉರಿಸಿ ನೋಡುವ ಕಟ್ಟೆಯನ್ನು ಕಟ್ಟಿತ್ತು. ರಾಕೆಟ್ ಹಾರುವುದು ಎಲ್ಲೋ ಸಮುದ್ರದ ದಡದಿಂದ. ಗರ್ಜಿಸಲಿದ್ದುದು ಮಾತ್ರ ಇಲ್ಲಿ, ದಿನಕ್ಕೆ ನಾಲ್ಕು ಸಲ, ಸಲಕ್ಕೆ ಮೂವತ್ತು ಸೆಕೆಂಡು. ಅದರ ಪರಿಸರ ಪರಿಣಾಮ ವರದಿಯನ್ನು ಸಿದ್ಧಪಡಿಸುವ ಗುತ್ತಿಗೆ ಶಾಂಭವಿ ಕೆಲಸ ಮಾಡುತ್ತಿದ್ದ ಸಲಹಾ ಸಂಸ್ಥೆಗೆ ಸಿಕ್ಕಿತ್ತು. ಪರಿಶೀಲನಾ ಸಮಿತಿ ಹಾಕಿದ್ದ ಷರತ್ತು ಸರಳವಾಗಿತ್ತು. ನೂರು ಮೀಟರಿನೊಳಗೆ ಶಾಲೆ, ಅಂಗನವಾಡಿ, ಆಸ್ಪತ್ರೆಯಂಥ ಸೂಕ್ಷ್ಮ ಸ್ಥಳವಿದ್ದರೆ, ಒಂದು ಎಂಜಿನನ್ನೂ ಉರಿಸುವ ಮೊದಲು ಕಟ್ಟೆಯ ಸುತ್ತ ಶಬ್ದ ತಡೆಯುವ ಕಾಂಕ್ರೀಟ್ ಗೋಡೆ ಎದ್ದಿರಬೇಕು. ಗೋಡೆ ಏಳಲು ಐದು ತಿಂಗಳು ಬೇಕು. ಕಂಪನಿಗೆ ಐದು ತಿಂಗಳು ಇರಲಿಲ್ಲ.

ಲೆಕ್ಕವನ್ನು ಶಾಂಭವಿಯೇ ಮಾಡಿದ್ದಳು. ಎಂಜಿನಿನಿಂದ ಹತ್ತು ಮೀಟರಿನಲ್ಲಿ ಶಬ್ದ ನೂರ ನಲವತ್ತು ಡೆಸಿಬೆಲ್. ದೂರ ಇಮ್ಮಡಿಯಾದಂತೆಲ್ಲ ಆರು ಕಡಿಮೆ. ಎಂಬತ್ತನಾಲ್ಕು ಮೀಟರಿಗೆ ನೂರ ಇಪ್ಪತ್ತೊಂದು. ಅಷ್ಟಕ್ಕೆ ದೊಡ್ಡವರ ಕಿವಿಯೇ ನೋಯುತ್ತದೆ. ಅಂಗನವಾಡಿಗೆ ಇದ್ದದ್ದು ತಗಡಿನ ಸೂರು.

ಅವಳು ಆ ಪುಟವನ್ನು ಹಿಡಿದುಕೊಂಡು ನೇರವಾಗಿ ಮ್ಯಾನೇಜರ್ ವಿನಾಯಕ್ ಅವರ ಕೋಣೆಗೆ ಹೋದಳು.

"ಸಾರ್, ಹನ್ನೊಂದನೇ ಸಾಲು ಯಾರು ಬದಲಾಯಿಸಿದ್ದು?"

ವಿನಾಯಕ್ ಕಂಪ್ಯೂಟರಿನಿಂದ ಕಣ್ಣು ತೆಗೆಯಲಿಲ್ಲ. "ರೆಕಾರ್ಡ್ ಬದಲಾಯಿಸ್ತು ಕಣಮ್ಮ. ಖಾತೇಲಿ ಆ ಶೆಡ್ಡು ಗೋಡೌನ್ ಅಂತ ಇದೆ. ನಾವು ರೆಕಾರ್ಡ್ ಪ್ರಕಾರ ಹೋಗ್ತೀವಿ."

"ಅದರಲ್ಲಿ ಮೂರು ವರ್ಷದಿಂದ ಅಂಗನವಾಡಿ ನಡೀತಿದೆ. ನಾನೇ ಹೋಗಿ ಎಣಿಸಿದೀನಿ ಸಾರ್."

"ನೀನು ಎಣಿಸಿದ್ದು ಮಕ್ಕಳನ್ನ. ಟೇಬಲ್ ಕೇಳೋದು ಕಟ್ಟಡನ." ತಮ್ಮ ಮಾತು ತಮಗೇ ಹಿಡಿಸಿದಂತೆ ಅವರು ನಕ್ಕರು. "ದೇಶಕ್ಕೆ ರಾಕೆಟ್ ಬೇಡ್ವಾ? ಎಲ್ಲದಕ್ಕೂ ತಲೆ ಕೆಡಿಸ್ಕೋಬೇಡ. ಕನ್ನಡ ಸಾರಾಂಶ ಸೋಮವಾರದೊಳಗೆ ಆಗ್ಬೇಕು, ಜನರ ಸಭೆಗೆ ಮುಂಚೆ ವಾರ್ಡ್ ಆಫೀಸಲ್ಲಿ ಇಡ್ಬೇಕಂತೆ. ನಮ್ಮ ಆಫೀಸಲ್ಲಿ ನೆಟ್ಟಗೆ ಕನ್ನಡ ಬರಿಯೋಳು ನೀನೊಬ್ಳೇ. ಯಾರೂ ಓದಲ್ಲ ಬಿಡು, ಆದ್ರೂ ಫೈಲಲ್ಲಿ ಇರ್ಬೇಕು."

ರಾಜಗೋಪಾಲನಗರದ ವಠಾರಕ್ಕೆ ಅವಳು ಬಂದಾಗ ಸಂಜೆ ಆರೂವರೆ. ಅಪ್ಪ ನೀಲಪ್ಪ ಮೊದಲ ಪಾಳಿ ಮುಗಿಸಿ ಬಂದು ರೊಟ್ಟಿಯ ಹಿಟ್ಟು ನಾದುತ್ತಿದ್ದ. ಇಪ್ಪತ್ತೆಂಟು ವರ್ಷದ ಹಿಂದೆ ರೋಣದಿಂದ ಬಂದವನು, ಅಂದಿನಿಂದಲೂ ಪೀಣ್ಯದಲ್ಲಿ ತಗಡು ಒತ್ತಿ ಕತ್ತರಿಸುವ ಪವರ್ ಪ್ರೆಸ್ಸುಗಳ ಮುಂದೆಯೇ ನಿಂತವನು. ಈಗ ಅವನ ಬೆನ್ನ ಹಿಂದೆ ಬಾಗಿಲು ಬಡಿದರೂ ತಿಳಿಯುತ್ತಿರಲಿಲ್ಲ. ಪ್ರೆಸ್ಸುಗಳ ನಡುವೆ ಯಾರ ಮಾತೂ ಯಾರಿಗೂ ಕೇಳದ ಕಾರಣ ಅಲ್ಲಿನವರು ಕೈಯಲ್ಲೇ ಮಾತಾಡುತ್ತಾರೆ. ಅಂಗೈ ಅಡ್ಡ ಹಿಡಿದರೆ ನಿಲ್ಲಿಸು. ಹೆಬ್ಬೆರಳು ತುಟಿಗೆ ತಾಗಿಸಿದರೆ ಚಹಾ. ಸಂಖ್ಯೆಯಾದರೆ ಒಂದೊಂದೇ ಅಂಕಿಯ ಬೆರಳು, ನಡುವೆ ಮುಷ್ಟಿ. ಆ ಭಾಷೆಯನ್ನು ಶಾಂಭವಿ ಅಕ್ಷರಕ್ಕಿಂತ ಮೊದಲು ಕಲಿತಿದ್ದಳು. ಆದರೆ ಅಂದು ಅವಳಿಗೆ ಕೂಗಬೇಕೆನಿಸಿತು. ಕಚೇರಿಯಲ್ಲಿ ನಡೆದದ್ದನ್ನು ಕೂಗಿಯೇ ಹೇಳಿದಳು, ವಠಾರದ ಏಳೂ ಮನೆಗಳಿಗೆ ಕೇಳಿಸುವಂತೆ.

ನೀಲಪ್ಪ ಅವಳ ತುಟಿಗಳನ್ನೇ ನೋಡುತ್ತ ಕೊನೆಯವರೆಗೂ ತಾಳ್ಮೆಯಿಂದ ಇದ್ದ. ಆಮೇಲೆ ಕೈಗಂಟಿದ ಹಿಟ್ಟನ್ನು ತೆಗೆಯುತ್ತ ಹೇಳಿದ: "ವರ್ಷಕ್ಕೊಮ್ಮೆ ನಮ್ಮ ಕಿವಿ ನೋಡಾಕ ಬರ್ತಾರವಾ. ಸಾಲಾಗಿ ಕುಂದ್ರಿಸಿ ಕಿವಿಗೆ ಡಬ್ಬಿ ಹಾಕ್ತಾರ. ಸಪ್ಪಳ ಕೇಳಿದ್ರ ಕೈ ಎತ್ತು ಅಂತಾರ. ನನಗೇನ್ ಕೇಳ್ತೈತಿ ಮಣ್ಣು. ಬಾಜೂ ಕುಂತಾವ ಎತ್ತಿದ್ರ ನಾನೂ ಎತ್ತತೀನಿ."

"ಅವಂಗರ ಕೇಳ್ತೈತೇನು?"

"ಯಾರಿಗೊತ್ತು? ಅಂವ ನನ್ನ ನೋಡಿ ಎತ್ತತಿರಬೇಕು." ನೀಲಪ್ಪ ನಕ್ಕ. "ಎತ್ತಲಿಲ್ಲಂದ್ರ ಪ್ರೆಸ್ಸಿನಿಂದ ತಗದು ಮನೀಗೆ ಕಳಸ್ತಾರ. ಕಾಗದದಾಗ ನೀಲಪ್ಪನ ಕಿವಿ ಛಲೋ ಅದಾವು ಅಂತೈತಿ. ಕೆಳಗ ನನ್ನ ಸಹಿ."

ಶಾಂಭವಿಗೆ ಅಪ್ಪನ ಮೇಲೆಯೂ ಸಿಟ್ಟು ಬಂತು. ಆ ನಗುವಿನ ಮೇಲೆ, ಪಕ್ಕದವನನ್ನು ನೋಡಿ ಎತ್ತಿದ ಆ ಕೈಯ ಮೇಲೆ, ಆ ಕೈ ದುಡಿದು ತಂದದ್ದರಲ್ಲೇ ತಾನು ಎಂ.ಎಸ್ಸಿ. ಓದಿದ್ದರ ಮೇಲೆ. ಅವಳು ಊಟ ಮಾಡದೆ ಬರೆಯಲು ಕುಳಿತಳು.

ಹದಿನಾಲ್ಕು ಪುಟಗಳ ಸಾರಾಂಶವನ್ನು ಅವಳು ಒಂದು ತಪ್ಪಿಲ್ಲದೆ ಕನ್ನಡಕ್ಕೆ ತಂದಳು. ಇಂಧನವನ್ನು ಇಂಧನವೆಂದೇ, ಹೊಗೆಯನ್ನು ಹೊಗೆಯೆಂದೇ ಬರೆದಳು. ಶಬ್ದದ ಕುರಿತ ಒಂಬತ್ತನೆಯ ಪರಿಚ್ಛೇದಕ್ಕೆ ಬಂದಾಗ ಇಂಗ್ಲಿಷ್ ಪುಟವನ್ನು ಮಗುಚಿಟ್ಟು, ತಾನು ಸ್ಥಳದಲ್ಲೇ ತುಂಬಿಸಿದ್ದ ಸಮೀಕ್ಷೆಯ ನಮೂನೆಯನ್ನು ಮುಂದಿಟ್ಟುಕೊಂಡಳು. ಅಂಗನವಾಡಿಯ ಟೀಚರ್ ಅಂಜನಮ್ಮ ಅದರ ಕೆಳಗೆ ಸಹಿ ಮಾಡಿ, ಕೇಂದ್ರದ ಮೊಹರನ್ನೂ ಒತ್ತಿದ್ದರು. ಅದರಲ್ಲಿದ್ದುದನ್ನೂ ತನ್ನ ಲೆಕ್ಕವನ್ನೂ ಅವಳು ಹಾಗೆಯೇ ಇಳಿಸಿದಳು.

ಸೋಮವಾರ ವಿನಾಯಕ್ ಫೋನನ್ನು ಭುಜ ಮತ್ತು ಕಿವಿಯ ನಡುವೆ ಒತ್ತಿಕೊಂಡೇ ಹದಿನಾಲ್ಕು ಪುಟಗಳಿಗೂ ಸಹಿ ಹಾಕಿದರು. ಒಂದು ಪುಟವನ್ನೂ ಓದಲಿಲ್ಲ. ಕಡೆಯ ಪುಟದಲ್ಲಿ ತಲೆಯೆತ್ತಿ, "ಕಾಗುಣಿತ ಎಲ್ಲಾ ಸರಿ ಇದ್ಯಾ?" ಎಂದರು.

"ಒಂದಕ್ಷರ ತಪ್ಪಿಲ್ಲ ಸಾರ್."

ಜನರ ಸಭೆ ನಡೆದದ್ದು ಸಮುದಾಯ ಭವನದಲ್ಲಿ. ಹಿಂದಿನ ದಿನದ ಮದುವೆಯ ಚೆಂಡು ಹೂವು ಇನ್ನೂ ಕಂಬಗಳಲ್ಲಿತ್ತು. ಕಂಪನಿಯ ಎಂಜಿನಿಯರು ಪರದೆಯ ಮೇಲೆ ಭೂಮಿ ತಿರುಗುವುದನ್ನು ತೋರಿಸಿದ. ಮುಂದಿನ ಸಾಲಿನಲ್ಲಿ ಶೆಡ್ಡಿನ ಮಾಲೀಕ ಹನುಮಂತರಾಯಪ್ಪ ಕುಳಿತಿದ್ದ. ಅಂಗನವಾಡಿಗೆ ಶೆಡ್ಡು ಬಾಡಿಗೆಗೆ ಕೊಟ್ಟವನೂ ಅವನೇ, ಫೌಂಡ್ರಿಯ ಜಾಗವನ್ನು ಕಂಪನಿಗೆ ಕೊಟ್ಟವನೂ ಅವನೇ. ಸಮಿತಿಯ ಅಧಿಕಾರಿ ಯಾರಾದರೂ ಮಾತಾಡುವುದಿದೆಯೇ ಎಂದು ಕೇಳಿದಾಗ ಹಿಂದಿನಿಂದ ಅಂಜನಮ್ಮ ಎದ್ದರು. ಅವರ ಕೈಯಲ್ಲಿ ವಾರ್ಡ್ ಆಫೀಸಿನಿಂದ ತಂದ ಕನ್ನಡ ಸಾರಾಂಶವಿತ್ತು.

"ಒಂಬತ್ತನೇ ಪ್ಯಾರಾ ಸಾರ್. ನಾನೇ ಓದ್ತೀನಿ." ಮಕ್ಕಳಿಗೆ ಪದ್ಯ ಹೇಳಿಕೊಡುವವರಂತೆ ಅವರು ನಿಧಾನವಾಗಿ, ಗಟ್ಟಿಯಾಗಿ ಓದಿದರು. "ಪರೀಕ್ಷಾ ಕಟ್ಟೆಯಿಂದ ಎಂಬತ್ತನಾಲ್ಕು ಮೀಟರ್ ದೂರದಲ್ಲಿ ಅಂಗನವಾಡಿ ಕೇಂದ್ರವಿದ್ದು, ಇಪ್ಪತ್ತಮೂರು ಮಕ್ಕಳು ದಿನವೂ ಆರು ಗಂಟೆ ಇಲ್ಲಿರುತ್ತಾರೆ. ಇಲ್ಲಿಗೆ ತಲುಪುವ ಶಬ್ದ ನೂರ ಇಪ್ಪತ್ತೊಂದು ಡೆಸಿಬೆಲ್." ಕಾಗದ ಇಳಿಸಿ ಕೇಳಿದರು: "ಗೋಡೆ ಯಾವಾಗ ಕಟ್ತೀರಾ ಸಾರ್?"

ಅಧಿಕಾರಿ ತಮ್ಮ ಮುಂದಿದ್ದ ಇಂಗ್ಲಿಷ್ ವರದಿಯನ್ನು ಮಗುಚಿದರು. ಅರವತ್ತೊಂದನೆಯ ಪುಟದಲ್ಲಿ ನಿಂತರು. "ಇದರಲ್ಲಿ ಗೋಡೌನ್ ಅಂತಿದೆಯಲ್ರೀ?"

ಸಭೆಯ ನಡುವಿನಿಂದ ಬಸಕ್ಕ ಎದ್ದಳು. ಶಾಂಭವಿಯ ವಠಾರದ ಮೊದಲ ಮನೆಯವಳು. ಅವಳ ಇಬ್ಬರು ಮೊಮ್ಮಕ್ಕಳೂ ಆ ಅಂಗನವಾಡಿಗೇ ಹೋಗುತ್ತಿದ್ದರು. "ಗೋಡೌನೇನ್ರೀ? ನಮ್ಮ ಮಕ್ಕಳೇನು ಸಿಮೆಂಟ್ ಚೀಲ ಅಂತ ತಿಳದೀರೇನು? ಒಟ್ಟಿ ಇಟ್ಟೀವೇನು ಅಲ್ಲಿ?"

ಭವನವಿಡೀ ಎದ್ದು ನಿಂತಿತು. ಅಧಿಕಾರಿ ಎರಡೂ ವರದಿಗಳನ್ನು ಅಕ್ಕಪಕ್ಕ ಇಟ್ಟು ವಿನಾಯಕ್ ಕಡೆ ತಿರುಗಿಸಿದರು. "ಎರಡರಲ್ಲೂ ನಿಮ್ಮದೇ ಸಹಿ. ಯಾವುದನ್ನ ನಂಬ್ಲಿ?"

ವಿನಾಯಕ್ ಕನ್ನಡ ಪ್ರತಿಯನ್ನು ಪಕ್ಕಕ್ಕೆ ಸರಿಸಿದರು. "ಟ್ರಾನ್ಸ್‌ಲೇಷನ್ ಮಿಸ್ಟೇಕ್ ಸಾರ್. ನಮ್ಮ ಹುಡುಗಿ ಹೊಸಬಳು..."

ಶಾಂಭವಿ ಎದ್ದಳು. "ಅನುವಾದದ ತಪ್ಪಲ್ಲ ಸಾರ್. ಕನ್ನಡದಲ್ಲಿರೋದೇ ಮೂಲ." ಅಂಜನಮ್ಮನ ಸಹಿ, ಮೊಹರುಗಳಿದ್ದ ನಮೂನೆಯನ್ನು ಅಧಿಕಾರಿಯ ಮುಂದೆ ಇಟ್ಟಳು. "ಅಳೆದ ದಿನಾಂಕ, ಸಮಯ ಎಲ್ಲಾ ಇದೆ."

ಅಂಗನವಾಡಿ ಇರುವವರೆಗೂ ಗೋಡೆಯಿಲ್ಲದೆ ಎಂಜಿನ್ ಉರಿಸುವಂತಿಲ್ಲ ಎಂದು ಅಧಿಕಾರಿ ಅಲ್ಲಿಯೇ ಬರೆಸಿದರು. ಜನ ಚಪ್ಪಾಳೆ ತಟ್ಟಿದರು. 'ಇರುವವರೆಗೂ' ಎಂಬುದು ಆ ಹೊತ್ತಿನಲ್ಲಿ ಯಾರ ಗಮನಕ್ಕೂ ಬರಲಿಲ್ಲ. ಒಂದೊಂದು ಪದವನ್ನೂ ತೂಗಿ ನೋಡುವ ಶಾಂಭವಿಯ ಗಮನಕ್ಕೂ.

ಮರುದಿನ ಕಚೇರಿಯಲ್ಲಿ ಅವಳ ಮೇಜು ಖಾಲಿಯಾಗಿತ್ತು. "ನನ್ನ ಸಹಿ ಕದ್ದೆಯಲ್ಲೇ," ಎಂದರು ವಿನಾಯಕ್.

"ಕದಿಯಲಿಲ್ಲ ಸಾರ್. ನೀವು ಓದದೇ ಕೊಟ್ರಿ."

ಹನ್ನೆರಡು ದಿನಗಳ ನಂತರ ಬೆಳಿಗ್ಗೆ ಅಂಜನಮ್ಮನ ಫೋನು ಬಂತು. ಶಾಂಭವಿ ಓಡಿಹೋದಾಗ ಶೆಡ್ಡಿನ ಮುಂದೆ ಲಾರಿ ನಿಂತಿತ್ತು. ಟೈಲ್ಸಿನ ಡಬ್ಬಗಳನ್ನು ಒಳಗೆ ಇಳಿಸುತ್ತಿದ್ದರು. ಅಂಗನವಾಡಿಯ ಚಾಪೆ, ಕುಕ್ಕರು, ತೂಕದ ಯಂತ್ರ ರಸ್ತೆಯ ಮೇಲಿದ್ದವು. ಒಳಗೋಡೆಯಲ್ಲಿ ಅಂಜನಮ್ಮ ಬರೆದಿದ್ದ ಗಿಣಿಯ ಕೊಕ್ಕು ಮಾತ್ರ ಡಬ್ಬಗಳ ಮೇಲಿನಿಂದ ಕಾಣುತ್ತಿತ್ತು. ಹನುಮಂತರಾಯಪ್ಪ ಸ್ಕೂಟರಿಗೆ ಒರಗಿ ನಿಂತಿದ್ದ.

"ಯಾವ ಕಾನೂನಲ್ಲಿ ಖಾಲಿ ಮಾಡಿಸಿದ್ರಿ?" ಶಾಂಭವಿ ಕೂಗಿದಳು.

"ಸೆಡ್ಡು ನಂದು ಕಣವ್ವ, ಕಾನೂನು ನಂದೇ. ಓದಿರೋಳು ನೀನು, ಅಷ್ಟೂ ತಿಳೀದಾ? ಅಂಗನ್ವಾಡಿ ಅಂತ ಬರ್ದೆ, ಗೋಡೆ ಕಟ್ಬೇಕು ಅಂದ್ರು. ಈಗ ಬಂದು ನೋಡ್ಕ. ಗೋಡೌನು. ಇನ್ನೇನು ಬರೀತೀಯೋ ಬರ್ಕ, ಓಗು."

ಎರಡು ವರದಿಗಳಲ್ಲಿ ಒಂದು ಸುಳ್ಳಾಗಿತ್ತು. ಅವರು ಬೀದಿಯನ್ನೇ ತಿದ್ದಿ ಅದನ್ನು ನಿಜ ಮಾಡಿದ್ದರು. ಹೊಸ ಸಮೀಕ್ಷೆ ಮಾಡಿದವನು ಪ್ರಾಮಾಣಿಕನೇ. ಅವನು ಕಂಡದ್ದನ್ನೇ ಬರೆದ. ಗೋಡೆಯಿಲ್ಲದೆ ಉರಿಸಲು ಅನುಮತಿ ಸಿಕ್ಕಿತು.

"ನೀನು ಬರೀದೇ ಇದ್ದಿದ್ರೆ ಶೆಡ್ಡಾದ್ರೂ ಇರ್ತಿತ್ತು ಕಣೇ," ಎಂದಿದ್ದರು ಅಂಜನಮ್ಮ ಅಂದು ರಸ್ತೆಯಲ್ಲಿ, ಕುಕ್ಕರಿನ ಧೂಳು ಒರೆಸುತ್ತ. ಅವರ ದನಿಯಲ್ಲಿ ದೂರು ಇರಲಿಲ್ಲ. ಶಾಂಭವಿ ಬಗ್ಗಿ ಚಾಪೆ ಸುತ್ತಿಕೊಟ್ಟಿದ್ದಳು.

ಬೇರೆ ಜಾಗ ಯಾರೂ ಕೊಡಲಿಲ್ಲ. ಕಡೆಗೆ ಬಸಕ್ಕ ತನ್ನ ಮನೆಯ ಮುಂದಿನ ಪಡಸಾಲೆ ಬಿಟ್ಟುಕೊಟ್ಟಳು. "ಇಪ್ಪತ್ತಮೂರು ಮಕ್ಕಳು ಕುಂದ್ರಾಕ ಎಷ್ಟ್ ಜಾಗ ಬೇಕು? ಒತ್ತಿ ಕುಂತ್ರಾತು," ಎಂದಳು. ಶಾಂಭವಿಯೂ ಇದ್ದ ಆ ವಠಾರಕ್ಕೂ ಕಂಪನಿಗೂ ನಡುವೆ ಒಂದು ಓಣಿ ಮತ್ತು ಒಂದು ಕಾಂಪೌಂಡು ಅಷ್ಟೇ.

ಗುರುವಾರ ಹನ್ನೊಂದಕ್ಕೆ ಮೊದಲ ಎಂಜಿನ್ ಉರಿಯುವುದೆಂದು ಓಣಿಯಲ್ಲಿ ಚೀಟಿ ಅಂಟಿಸಿದ್ದರು. ಹತ್ತೂವರೆಗೆ ಶಾಂಭವಿ ಐವತ್ತು ಮೀಟರಿನ ಟೇಪು ಹಿಡಿದು ಬಂದಳು. ನೀಲಪ್ಪನಿಗೆ ಆ ವಾರ ಎರಡನೆಯ ಪಾಳಿ, ಅವನೂ ಬಂದ. ಕಾಂಪೌಂಡಿನಿಂದ ಪರೀಕ್ಷಾ ಕಟ್ಟೆಗೆ ಹನ್ನೆರಡು ಮೀಟರೆಂದು ಕಂಪನಿಯ ನಕ್ಷೆಯಲ್ಲೇ ಇತ್ತು. ಉಳಿದದ್ದನ್ನು ಅಳೆಯಬೇಕಿತ್ತು. ಅಧಿಕಾರಿಗೆ ಕೊಡುವ ತಕರಾರು ಅರ್ಜಿಯಲ್ಲಿ ಆ ಒಂದು ಅಂಕಿಗಾಗಿ ಅವಳು ಜಾಗ ಬಿಟ್ಟಿದ್ದಳು.

ನೀಲಪ್ಪ ಪಡಸಾಲೆಯ ಮೆಟ್ಟಿಲಿಗೆ ಟೇಪಿನ ತುದಿಯನ್ನು ಒತ್ತಿ ಹಿಡಿದು ಕುಳಿತ. ಶಾಂಭವಿ ಟೇಪು ಬಿಚ್ಚುತ್ತ ಓಣಿಯುದ್ದಕ್ಕೂ ನಡೆದು, ಕಾಂಪೌಂಡಿಗೆ ತಾಗಿಸಿ, ಬಾಗಿ ಓದಿದಳು. ಮತ್ತೊಮ್ಮೆ ಓದಿದಳು: ಮೂವತ್ತನಾಲ್ಕು, ಆಚೆಯ ಹನ್ನೆರಡು ಸೇರಿದರೆ ನಲವತ್ತಾರು. ಆಮೇಲೆ ತಿರುಗಿ ಕೈಯೆತ್ತಿದಳು. ಮೂರು ಬೆರಳು. ಮುಷ್ಟಿ. ನಾಲ್ಕು ಬೆರಳು.

ನೀಲಪ್ಪ ತಲೆಯಾಡಿಸಿ, ಅಂಜನಮ್ಮನ ಸೀಮೆಸುಣ್ಣದಿಂದ ಗೋಡೆಯ ಮೇಲೆ ಬರೆಯತೊಡಗಿದ. ಅಷ್ಟರಲ್ಲಿ ಅವಳ ಬೆನ್ನ ಹಿಂದೆ, ಕಾಂಪೌಂಡಿನ ಆಚೆ, ಎಚ್ಚರಿಕೆಯ ಸೈರನ್ ಕೂಗಿತು. ಅಂಜನಮ್ಮ ಬಾಗಿಲಿಗೆ ಬಂದರು. ನೀಲಪ್ಪ ತಿರುಗಲಿಲ್ಲ, ಅವನ ಅಂಕಿ ಇನ್ನೂ ಮುಗಿದಿರಲಿಲ್ಲ.

ಪಡಸಾಲೆಯಲ್ಲಿ ಒತ್ತಿ ಕುಳಿತಿದ್ದ ಮಕ್ಕಳು ಇದು ಹೊಸ ಆಟವೆಂದುಕೊಂಡು ಶಾಂಭವಿಯನ್ನೇ ನೋಡುತ್ತಿದ್ದರು. ಮೊದಲು ಒಂದು ಕೈ ಎದ್ದಿತು. ಅದನ್ನು ನೋಡಿ ಪಕ್ಕದ್ದು, ಅದನ್ನು ನೋಡಿ ಅದರ ಪಕ್ಕದ್ದು. ಮೂರು ಬೆರಳು, ಮುಷ್ಟಿ, ನಾಲ್ಕು ಬೆರಳು. ಸೈರನ್ ನಿಂತ ಮೇಲೂ ಆ ಕೈಗಳು ಹಾಗೆಯೇ ಮೇಲೆ ಇದ್ದವು.