ಎಡಗಡೆಯ ಬ್ರೇಕು

"ನೋಡಿ ಸಾರ್, ಹೆಂಗೆ ನೀಲಿ ತಿರುಗ್ಬುಟ್ಟೈತೆ," ಎಂದು ಮೆಕ್ಯಾನಿಕ್ ಜಾವೇದ್ ಚಕ್ರದಿಂದ ಬಿಚ್ಚಿದ ಬ್ರೇಕ್ ಡಿಸ್ಕನ್ನು ರೇವಣಸಿದ್ದಯ್ಯನವರ ಕೈಗೆ ಕೊಟ್ಟ. ಊಟದ ತಟ್ಟೆಯಷ್ಟಗಲದ ಕಬ್ಬಿಣ. ಅಂಚಿನಲ್ಲಿ ಬೆರಳಿಗೆ ತಾಗುವಂಥ ಏಣು ಎದ್ದಿತ್ತು, ನಡುವೆ ಕಾದು ಕಾದು ಆದ ಕಲೆಗಳು. ತಮ್ಮ ಡ್ರೈವಿಂಗ್ ಸ್ಕೂಲಿನ ಕಾರಿನದೇ ಅದು. ಹೀಗೆ ಹಾಳಾದದ್ದಕ್ಕೆ ಒಂದಿಷ್ಟು ಬೇಜಾರಾಗಬೇಕಿತ್ತು ಎಂಬುದು ರೇವಣಸಿದ್ದಯ್ಯನವರಿಗೂ ಗೊತ್ತಿತ್ತು. ಆಗಲಿಲ್ಲ.

"ಹೊಸದು ಹಾಕಪ್ಪ," ಎಂದರು.

"ಹಾಕ್ತೀನಿ. ಡಿಸ್ಕೂ ಹೋಗೈತೆ, ಪ್ಯಾಡೂ ಹೋಗೈತೆ. ಯಾವ್ದು ಹಾಕ್ಲಿ ಹೇಳಿ."

"ಯಾವುದಾದ್ರೂ ಹಾಕು."

ಇದೇ ರೇವಣಸಿದ್ದಯ್ಯ ಹಿಂದೆ ಒಂದು ವೈಪರ್ ಕಡ್ಡಿ ಕೊಳ್ಳಬೇಕಾದರೂ ಬೀದಿಯ ಅಂಗಡಿಗಳನ್ನೆಲ್ಲ ಜಾಲಾಡುತ್ತಿದ್ದರು. ಅವರು ಬರುವುದು ಕಂಡರೆ ಸಾಕು, ಬಿಡಿಭಾಗದ ಅಂಗಡಿಯವನು ಫ್ಯಾನ್ ಹಾಕಿ, ಟೀ ತರಿಸಿ, ಇನ್ನು ಈ ಬೆಳಿಗ್ಗೆ ಮುಗಿಯಿತೆಂದು ಸಿದ್ಧನಾಗುತ್ತಿದ್ದ. ಈಗ ಮನೆಯಲ್ಲಿ ಹೆಂಡತಿ ಸರ್ವಮಂಗಳಮ್ಮ ಸಾರೋ ಹುಳಿಯೋ ಎಂದರೂ 'ಯಾವುದಾದ್ರೂ' ಎನ್ನುವುದೇ ಉತ್ತರ.

ಮಗಳು ಅಕ್ಷತಾ ಹೋದ ಮೇಲೆ ಹೀಗಾಗಿದ್ದರು. ಒಬ್ಬಳೇ ಮಗಳು. ಇದೇ ಕಾರಿನಲ್ಲಿ, ಅಪ್ಪನ ಪಕ್ಕದಲ್ಲಿ ಕೂತು ಕಲಿತವಳು. ಲೈಸೆನ್ಸ್ ಕೈಗೆ ಬಂದ ವಾರ ಮನೆಯ ಇನ್ನೊಂದು ಕಾರು ತೆಗೆದುಕೊಂಡು ಒಬ್ಬಳೇ ಗುಬ್ಬಿಗೆ ಹೊರಟಿದ್ದಳು. ಅಡ್ಡರಸ್ತೆಯಿಂದ ಹಿಂದೆಮುಂದೆ ನೋಡದೆ ಒಂದು ಟಿಪ್ಪರ್ ನುಗ್ಗಿತು. ಹುಡುಗಿಯದೇನೂ ತಪ್ಪಿಲ್ಲ ಎಂದು ನೋಡಿದವರೆಲ್ಲ ಹೇಳಿದರು. ರೇವಣಸಿದ್ದಯ್ಯನವರೂ ಅದನ್ನೇ ಹೇಳುತ್ತಿದ್ದರು, ಬೇರೆ ಯಾರದೋ ಮಗಳ ವಿಷಯ ಹೇಳುವವರ ಹಾಗೆ. ಮಣ್ಣು ಹಾಕುವಾಗಲೂ ಅವರಿಗೆ ಅಳು ಬರಲಿಲ್ಲ. ಕೆಲವೇ ದಿನಕ್ಕೆ ಸ್ಕೂಲಿನ ಬಾಗಿಲು ತೆಗೆದಾಗ ಉಪ್ಪಾರಹಳ್ಳಿಯ ಜನ ಗಟ್ಟಿ ಮನುಷ್ಯ ಎಂದರು. ಗಟ್ಟಿಯೂ ಇಲ್ಲ, ಮಣ್ಣೂ ಇಲ್ಲ. ಜೋಮು ಹಿಡಿದ ಕಾಲನ್ನು ಚಿವುಟಿದರೆ ತಿಳಿಯುವುದಿಲ್ಲವಲ್ಲ, ಇಡೀ ಮನುಷ್ಯನಿಗೆ ಹಾಗಾಗಿತ್ತು.

ಜಾವೇದ್ ಎರಡು ಡಬ್ಬಿ ತಂದು ಬಾನೆಟ್ ಮೇಲಿಟ್ಟ. "ಇದು ಗಟ್ಟಿ ಪ್ಯಾಡು. ಬಾಳಿಕೆ ಬರ್ತೈತೆ, ಆದ್ರೆ ಡಿಸ್ಕ್ ತಿಂತೈತೆ. ಇದು ಮೆತ್ತಗೆ, ಬೇಗ ಸವೆಯುತ್ತೆ."

"ಬೇಗ ನಿಲ್ಲಿಸೋದು ಯಾವುದು?"

ಇವತ್ತು ಅವರು ತಾವಾಗಿ ಕೇಳಿದ ಮೊದಲ ಮಾತು ಅದು. ಜಾವೇದ್ ಅವರ ಮುಖ ನೋಡಿ, "ಮೆತ್ತಗಿಂದು ಸಾರ್. ಕಾಲು ತಾಗಿದ್ರೆ ಸಾಕು, ಹಿಡ್ಕೊಂತೈತೆ," ಎಂದ.

"ಅದೇ ಹಾಕು."

"ಅದು ಸರಿ, ಆದ್ರೆ ಹಳೇದನ್ನ ಹಾಕಿದ್ದೇ ಮೊನ್ನೆ ಯುಗಾದೀಲಿ. ಗಣೇಶನ ಹಬ್ಬಕ್ಕೆ ಹೋಯ್ತು ಅಂದ್ರೆ? ಎಲ್ಲಾ ಬಿಚ್ಚಿ ನೋಡ್ದೆ, ಏನೂ ಜಾಮ್ ಆಗಿಲ್ಲ. ಹಿಂದಿನ ಬ್ರೇಕ್ ಲೈಟ್ ಬಲ್ಬು ಬೇರೆ ಸುಟ್ಟೋಗೈತೆ. ಯಾರೋ ಒಂದೇ ಸಮ ಬ್ರೇಕ್ ತುಳೀತಾವ್ರೆ."

ರೇವಣಸಿದ್ದಯ್ಯ, "ಬೇಜಾರು ಮಾಡ್ಕೋಬೇಡ ಜಾವೇದ್, ನಿಮ್ಮ ಮನೆಯವ್ರೇ. ಕಾಲು ತೆಗೀಯಮ್ಮ ಅಂತ ಹೇಳಿ ಹೇಳಿ ಸಾಕಾಗಿದೆ," ಎಂದರು.

ಮನೆಯವರು ಅಲ್ಲೇ ಇದ್ದರು. ಗಂಡನಿಗೆ ಊಟದ ಡಬ್ಬಿ ತಂದ ಅಂಬ್ರೀನ್ ಟಯರುಗಳ ಪಕ್ಕ ನಿಂತಿದ್ದಳು. ವಸಂತನರಸಾಪುರದ ಒಂದು ಫ್ಯಾಕ್ಟರಿಯ ಕೆಲಸಗಾರರಿಗೆ ಮಧ್ಯಾಹ್ನದ ಊಟ ಮಾಡಿ ಕಳಿಸುವವಳು ಅವಳು. ಆಟೋದವನು ತಡಮಾಡಿದಾಗಲೆಲ್ಲ ಅಲ್ಲಿಂದ ಬೈಗುಳ. ಇನ್ನೊಮ್ಮೆ ಹೀಗಾದರೆ ಊಟಕ್ಕೆ ಬೇರೆಯವರಿಗೆ ಹೇಳುತ್ತೇವೆ ಎಂದಿದ್ದರು. ತಾನೇ ವ್ಯಾನು ಓಡಿಸಿಕೊಂಡು ಹೋಗುವುದೆಂದು ರೇವಣಸಿದ್ದಯ್ಯನವರ ಸ್ಕೂಲಿಗೆ ಕಲಿಯಲು ಸೇರಿದ್ದಳು. ಸೋಮವಾರ ಲೈಸೆನ್ಸಿನ ಟೆಸ್ಟ್ ಇತ್ತು.

"ನಾನು ಟೆಸ್ಟಿಗೆ ಹೋಗಲ್ಲ ಸಾರ್," ಎಂದಳು ಅಂಬ್ರೀನ್. "ಎಷ್ಟು ಆಕ್ಸಿಲೇಟರ್ ಕೊಟ್ರೂ ಗಾಡಿ ಎಳಿಯಲ್ಲ. ನನ್ನ ಕಾಲು ಬ್ರೇಕ್ ಮೇಲಿಲ್ಲ ಅಂತ ನಂಗನ್ಸುತ್ತೆ, ನೀವು ಇದೆ ಅಂತೀರ. ನನ್ನ ಕಾಲು ಎಲ್ಲಿದೆ ಅಂತ ನಂಗೇ ಗೊತ್ತಾಗ್ದೆ ಇದ್ರೆ ನಾನೇನು ಓಡಿಸ್ಲಿ?"

ಪಾಪ ಎನಿಸಬೇಕಿತ್ತು. ರೇವಣಸಿದ್ದಯ್ಯ ತಲೆಯಾಡಿಸಿದರು, ಅಷ್ಟೇ.

ಊಟ ಮುಗಿಸಿ ಜಾವೇದ್ ಹೊಸ ಡಿಸ್ಕು ಪ್ಯಾಡು ಕೂರಿಸಿದ. ಹೊಸ ಪ್ಯಾಡು ಹದಕ್ಕೆ ಬರಲು ಒಂದಷ್ಟು ದೂರ ಮೆತ್ತಗೆ ಬ್ರೇಕ್ ಹಿಡಿಯುತ್ತ ಓಡಿಸಬೇಕು. "ನೀನೇ ಓಡ್ಸು," ಎಂದು ಹೆಂಡತಿಗೆ ಹೇಳಿ, ತಾನು ಹಿಂದಿನ ಸೀಟಿನಲ್ಲಿ ಕೂತ. ಅವಳು ಒಲ್ಲದ ಮನಸ್ಸಿನಿಂದ ಸ್ಟೇರಿಂಗ್ ಹಿಡಿದಳು. ರೇವಣಸಿದ್ದಯ್ಯ ಎಂದಿನಂತೆ ಅವಳ ಎಡಕ್ಕೆ ಕೂತರು. ಕಲಿಸುವವರಿಗೆಂದು ಆ ಕಡೆಯೂ ಒಂದು ಬ್ರೇಕು, ಒಂದು ಕ್ಲಚ್ಚು ಇದ್ದವು.

ಕುಣಿಗಲ್ ರಸ್ತೆಗೆ ಬಿದ್ದರು. ಕಾರು ಮುಗ್ಗರಿಸುತ್ತ, ಗುರುಗುಡುತ್ತ ಸಾಗಿತು. ಹಿಂದಿನಿಂದ ಯಾರೋ ಹಾರ್ನ್ ಹೊಡೆದರು.

"ಬ್ರೇಕಿಂದ ಕಾಲು ತೆಗೀಯಮ್ಮ," ಎಂದರು ರೇವಣಸಿದ್ದಯ್ಯ.

"ತೆಗ್ದೀನಿ ಸಾರ್," ಎಂದಳು. ದನಿ ಅಳುವಿಗೆ ಹತ್ತಿರವಿತ್ತು.

ಜಾವೇದ್ ಎರಡು ಸೀಟುಗಳ ನಡುವೆ ಬಗ್ಗಿ ಹೆಂಡತಿಯ ಕಾಲು ನೋಡಿದ. ಆಮೇಲೆ ಎಡಕ್ಕೆ ನೋಡಿದ. ಯಾರಿಗೂ ಕೇಳಿಸದಿದ್ದರೆ ಒಳ್ಳೆಯದು ಎನ್ನುವ ಹಾಗೆ, "ಸಾರ್, ನಿಮ್ ಕಾಲು," ಎಂದ.

ರೇವಣಸಿದ್ದಯ್ಯ ಕೆಳಗೆ ನೋಡಿದರು. ಬಲಗಾಲು ಬ್ರೇಕಿನ ಮೇಲಿತ್ತು. ಚಪ್ಪಲಿಯ ಹಿಮ್ಮಡಿ ನೆಲ ಬಿಟ್ಟು ಎದ್ದಿತ್ತು, ಮೀನಖಂಡ ಸೆಟೆದಿತ್ತು. ಅವರ ಕಾಲೇ. ಆದರೆ ಅದು ಅಲ್ಲಿ ತುಳಿಯುತ್ತಿದೆ ಎಂದು ಅವರಿಗೆ ಈಗಲೂ ತಿಳಿಯುತ್ತಿರಲಿಲ್ಲ, ಕಣ್ಣಿಗೆ ಕಾಣುತ್ತಿತ್ತು ಅಷ್ಟೇ. ತೆಗೆದರು. ಕಾರು ಕಟ್ಟು ಬಿಚ್ಚಿದ ಕರುವಿನಂತೆ ಮುಂದೆ ನೆಗೆಯಿತು.

"ಓಡ್ತಾ ಇದೆ," ಎಂದಳು ಅಂಬ್ರೀನ್, ತನ್ನಷ್ಟಕ್ಕೆ.

ಒಂದು ಫರ್ಲಾಂಗು ಹೋಗುವಷ್ಟರಲ್ಲಿ ಕಾರು ಮತ್ತೆ ಭಾರವಾಯಿತು. ಈ ಸಲ ಯಾರೂ ಹೇಳಲಿಲ್ಲ. ರೇವಣಸಿದ್ದಯ್ಯ ತಾವೇ ಬಗ್ಗಿ ನೋಡಿಕೊಂಡರು. ಕಾಲು ಹೋಗಿ ಅಲ್ಲೇ ಕೂತಿತ್ತು. ಇಷ್ಟು ದಿನ ಈ ಹೆಂಗಸನ್ನು ಬೈದದ್ದಕ್ಕೆ ಅವರಿಗೆ ನಾಚಿಕೆಯಾಯಿತು. ಸಣ್ಣ ನಾಚಿಕೆಯೇ, ಆದರೂ ಆಯಿತು.

"ನಿನ್ ತಪ್ಪೇನೂ ಇಲ್ಲಮ್ಮ," ಎಂದರು. "ಯಾವತ್ತೂ ಇರ್ಲಿಲ್ಲ. ನಾನೇ ಹಿಡ್ಕೊಂಡಿದ್ದೆ."

ಚಪ್ಪಲಿ ಬಿಟ್ಟರು. ಪಂಕ್ತಿಯಲ್ಲಿ ಊಟಕ್ಕೆ ಕೂರುವವರ ಹಾಗೆ ಎರಡೂ ಕಾಲು ಮಡಚಿ ಸೀಟಿನ ಮೇಲಿಟ್ಟುಕೊಂಡು, ಬಲಗಾಲನ್ನು ತೊಡೆಯ ಕೆಳಗೆ ಸೇರಿಸಿದರು. "ಹೋಗು."

ಎದುರಿನಿಂದ ಜಲ್ಲಿ ತುಂಬಿದ ಟಿಪ್ಪರ್ ಬರುತ್ತಿತ್ತು. ರೇವಣಸಿದ್ದಯ್ಯನವರ ಕೈ ಬಾಗಿಲಿನ ಹಿಡಿಯನ್ನು ಹಿಡಿಯಿತು. ತೊಡೆಯಡಿಯ ಕಾಲು ಮಾಂಸಕ್ಕೇ ಒತ್ತಿತು, ನೋವಾಗುವಷ್ಟು ಒತ್ತಿತು. ನೋವಾದದ್ದು ಈ ಸಲ ತಿಳಿಯಿತು. ಅವರು ಕಾಲು ಇಳಿಸಲಿಲ್ಲ.

ಅಂಬ್ರೀನ್ ತಾನೇ ಬ್ರೇಕ್ ಹಿಡಿದು, ಎಡಕ್ಕೆ ಸರಿದು, ಟಿಪ್ಪರಿಗೆ ದಾರಿ ಬಿಟ್ಟಳು. ಹೊಸ ಪ್ಯಾಡು ಮೆತ್ತಗೆ ಕಚ್ಚಿತು. ಕೆಳಗೆ ಬಿಟ್ಟಿದ್ದ ಖಾಲಿ ಚಪ್ಪಲಿಗಳು ಜಾರಿ ಮುಂದೆ ಹೋಗಿ, ಎಡಗಡೆಯ ಬ್ರೇಕಿಗೆ ತಾಗಿ ನಿಂತವು.