ಬೋಣಿಯಾದ ಒಲೆ

ನಾನು ಹಳೆ ಬಟ್ಟೆ ಸರಿಮಾಡಿಕೊಡುವವಳು. ಫುಟ್‌ಪಾತಿನ ಮೇಲೆ, ಬಾಗಿಲು ಹಾಕಿ ಎಷ್ಟೋ ವರ್ಷವಾದ ಅಂಗಡಿಯೊಂದರ ಮೆಟ್ಟಿಲ ಪಕ್ಕ ನನ್ನ ಹೊಲಿಗೆ ಯಂತ್ರವಿದೆ. ಜಿಪ್ ಹಾಕುತ್ತೇನೆ, ಪ್ಯಾಂಟಿನ ಉದ್ದ ಕಡಿಮೆ ಮಾಡುತ್ತೇನೆ, ಜೊತೆಗೆ ಊರ ಉಸಾಬರಿಯನ್ನೂ ಮಾಡುತ್ತೇನೆ. ಕೊನೆಯದಕ್ಕೆ ಯಾರೂ ಕೂಲಿ ಕೊಡುವುದಿಲ್ಲ. ಆದರೆ ಎದುರಿನ ತಿಂಡಿಗಾಡಿಯವರ ವಿಷಯದಲ್ಲಿ, ಬಾಯಿಬಿಡಬೇಕಾದ ಹೊತ್ತಿನಲ್ಲಿ ನಾನು ಬಾಯಿಬಿಡಲಿಲ್ಲ. ಆ ಸಂಕಟಕ್ಕೇ ಇದನ್ನು ಬರೆಯುತ್ತಿದ್ದೇನೆ.

ಆ ಗಾಡಿಗೆ ನಾಲ್ಕು ಜನ. ಬಾಣಲೆಯ ಮುಂದೆ ಯಜಮಾನ, ಹಿಟ್ಟು ಕಲಸುವುದಕ್ಕೆ ಅವನ ಹೆಂಡತಿ. ಆಕೆಯ ಬಲಗಾಲು ಹಿಮ್ಮಡಿಯಿಂದ ಮೊಣಕಾಲಿನವರೆಗೆ ಸುಟ್ಟು ಸುಕ್ಕುಗಟ್ಟಿತ್ತು, ಕುಂಟುತ್ತ ನಡೆಯುತ್ತಿದ್ದಳು. ಮಗ ಮೂವತ್ತರ ಗಂಡಸು, ಅಪ್ಪನ ಮುಂದೆ ಮಾತ್ರ ಬೆಕ್ಕಿನ ಮರಿ. ಸೊಸೆ ಬಂದು ಇನ್ನೂ ಎರಡು ವರ್ಷವಾಗಿರಲಿಲ್ಲ. ಹಸನ್ಮುಖಿ. ಕಾಗದದ ಪೊಟ್ಟಣ ಕಟ್ಟುವಾಗ ಅವಳ ಬೆರಳುಗಳನ್ನು ನೋಡುವುದಕ್ಕೇ ನಾನು ಯಂತ್ರ ತುಳಿಯುವುದನ್ನು ನಿಲ್ಲಿಸುತ್ತಿದ್ದೆ.

ನಮ್ಮ ಬೀದಿಯಲ್ಲಿ ಯಾರಿಗೂ ಕೂರುವ ಹಕ್ಕಿಲ್ಲ, ಎಲ್ಲರೂ ಕೂರುತ್ತೇವೆ. ನಗರಸಭೆಯ ಲಾರಿ ವಾರಕ್ಕೆ ಎರಡು ಸಲವೋ ಮೂರು ಸಲವೋ ಬರುತ್ತದೆ, ಸಿಕ್ಕಿದ್ದನ್ನು ಎತ್ತಿ ಹಾಕಿಕೊಂಡು ಹೋಗುತ್ತದೆ. ಮೂಲೆಯಲ್ಲಿ ಕೂರುವ ಬೀಗದವನು ಲಾರಿ ಕಂಡ ಕೂಡಲೇ ತನ್ನ ದೊಡ್ಡ ಕೀಲಿಗೊಂಚಲನ್ನು ಜೋರಾಗಿ ಅಲ್ಲಾಡಿಸುತ್ತಾನೆ. ಆ ಸದ್ದು ಕೇಳಿದರೆ ಹಣ್ಣಿನವಳು ಬುಟ್ಟಿ ಎತ್ತಿಕೊಂಡು ಓಡುತ್ತಾಳೆ, ಕನ್ನಡಕದವನು ಹಲಗೆ ಮಡಚಿ ಓಡುತ್ತಾನೆ, ನಾನು ಯಂತ್ರವನ್ನು ಮೆಟ್ಟಿಲ ಸಂದಿಗೆ ನೂಕಿ ಚೀಲ ಮುಚ್ಚುತ್ತೇನೆ.

ತಿಂಡಿಗಾಡಿಯವರೂ ಓಡುತ್ತಿದ್ದರು. ಆದರೆ ಒಲೆ ಆರಿಸದೆ.

ಬೋಣಿಯಾದ ಮೇಲೆ, ಅಂದರೆ ದಿನದ ಮೊದಲ ಗಿರಾಕಿಗೆ ಕೊಟ್ಟಾದ ಮೇಲೆ, ಮಾಲು ಮುಗಿಯುವವರೆಗೆ ಒಲೆ ಆರಿಸಬಾರದು ಎಂಬುದು ಆ ಮನೆಯ ಕಟ್ಟಳೆ. ಬೀದಿಯಲ್ಲಿ ಇನ್ನೂ ಮೂರು ನಾಲ್ಕು ಗಾಡಿಯವರು ಅದನ್ನೇ ನಂಬಿದ್ದರು. ಹೀಗಾಗಿ ಉರಿಯುವ ಗ್ಯಾಸು, ಅದರ ಮೇಲೆ ಮುಕ್ಕಾಲು ತುಂಬಿದ ಕುದಿಯುವ ಎಣ್ಣೆ, ಹಿಂದೆ ನೂಕುವ ಮಗ, ಮುಂದೆ ಎಳೆಯುವ ಸೊಸೆ. ಗುಂಡಿ ಬಿದ್ದ ಓಣಿ, ಅದರ ತಿರುವಿನಲ್ಲಿ ಇಳಿಜಾರು. ನಾನು ದೇವರನ್ನು ಅಷ್ಟಾಗಿ ನಂಬಿದವಳಲ್ಲ. ಆ ಗಾಡಿ ತಿರುವು ದಾಟುವವರೆಗೆ ಮಾತ್ರ ನಂಬುತ್ತಿದ್ದೆ.

ಒಂದು ದಿನ ಓಡಿ ಬಂದ ಮೇಲೆ ಸೊಸೆಯ ಮುಂಗೈ ಮೇಲೆ ನಾಲ್ಕು ಬೊಬ್ಬೆ ಎದ್ದಿದ್ದವು. ಅತ್ತೆ ತಣ್ಣೀರು ಹೊಯ್ಯುತ್ತಿದ್ದಳು. ಯಜಮಾನ ಬಗ್ಗಿ ನೋಡಿ, ತನ್ನ ಎರಡೂ ತೋಳು ಮುಂದೆ ಚಾಚಿದ. ತೋಳಿನ ತುಂಬ ಹಳೆಯ ಕಲೆಗಳು.

"ಇದೆಲ್ಲ ಒಲೆ ಹಾಕಿದ ಮುದ್ರೆ ಕಣಮ್ಮ. ಈಗ ನೀನು ಈ ಮನೆಯವಳಾದೆ ನೋಡು" ಎಂದ. ನಿಜವಾದ ಪ್ರೀತಿಯಿಂದಲೇ ಹೇಳಿದ. ನನಗೆ ಸಿಟ್ಟು ಬಂದದ್ದು ಅದಕ್ಕೇ.

"ಮಾವ, ಗ್ಯಾಸ್ ಆರಿಸೋಕೆ ಒಂದು ಗಳಿಗೆ ಸಾಕು. ಎಣ್ಣೆ ಮೇಲೆ ಮುಚ್ಚಳ ಹಾಕಿ, ಓಡದೆ ನಿಂತುಬಿಡೋಣ. ಲಾರಿಯೋರು ಒಯ್ದರೆ ಒಯ್ಲಿ" ಎಂದಳು ಸೊಸೆ.

"ಬೋಣಿ ಆದ ಒಲೆ ಆರಿಸಿದ್ರೆ ಮನೆ ದೀಪ ಆರಿಸಿದ ಹಾಗೆ. ನಮ್ಮಪ್ಪ ಹೇಳಿದ್ದು."

"ಅವರ ಕಾಲದಲ್ಲಿ ಸೌದೆ ಒಲೆ. ಒಂದು ಸಲ ಆರಿದ್ರೆ ಮತ್ತೆ ಹತ್ತಿಸೋಕೆ ಅರ್ಧ ದಿನ ಹೋಗ್ತಿತ್ತು, ಅದಕ್ಕೆ ಹೇಳಿರಬೇಕು. ಈಗ ಕಡ್ಡಿ ಗೀರಿದ್ರೆ ಮುಗೀತಲ್ಲ?"

ಯಜಮಾನನ ಮುಖ ಕಪ್ಪಿಟ್ಟಿತು. "ಒಂದು ಸಲ ಆರಿತ್ತು. ಇವನು ಹುಟ್ಟೋಕೆ ಮುಂಚೆ, ಒಂದೇ ಒಂದು ಸಲ. ಅವತ್ತು ಹೊಟ್ಟೇಲಿದ್ದ ಚೊಚ್ಚಲು ಹೋಯ್ತು. ಬೇಕಿದ್ರೆ ನಿಮ್ಮತ್ತೇನ ಕೇಳು."

ಅತ್ತೆ ತಲೆ ಎತ್ತಲಿಲ್ಲ. ತಂಬಿಗೆಯ ನೀರು ಮುಗಿದಿದ್ದರೂ ಹೊಯ್ಯುತ್ತಲೇ ಇದ್ದಳು.

ನಾನು ಕೇಳಿಸಿಕೊಂಡೆ, ಸೂಜಿಗೆ ದಾರ ಪೋಣಿಸಿದೆ. ನಾನೇನು ಸಾಚಾ? ಬೋಣಿಗೆ ಮೊದಲು ಕತ್ತರಿಯನ್ನು ಬೇರೆಯವರ ಕೈಗೆ ಕೊಡದವಳು. ಆದರೆ ನನ್ನ ಕತ್ತರಿ ಯಾರ ಮೈಯನ್ನೂ ಸುಡುವುದಿಲ್ಲವಲ್ಲ ಎಂದು ಸಮಾಧಾನ ಹೇಳಿಕೊಂಡೆ.

ಎರಡು ತಿಂಗಳು ಕಳೆಯಿತು. ಸೊಸೆ ಗರ್ಭಿಣಿ ಎಂದು ಬೀದಿಗೆಲ್ಲ ಗೊತ್ತಾಯಿತು. ಆದರೂ ಗಾಡಿಯ ಮುಂದಿನ ಹಿಡಿ ಅವಳ ಕೈಯಿಂದ ತಪ್ಪಲಿಲ್ಲ. ಅತ್ತೆಗೆ ಓಡುವ ಕಾಲಿಲ್ಲ, ಮಾವ ಹಿಟ್ಟಿನ ಪಾತ್ರೆ ಹೊರಬೇಕು. ಒಂದು ಮಧ್ಯಾಹ್ನ ತಿರುವಿನಲ್ಲಿ ಚಕ್ರ ಗುಂಡಿಗಿಳಿದು ಸೌಟಿನಷ್ಟು ಎಣ್ಣೆ ಮುಂದಿನ ಹಲಗೆಯ ಮೇಲೆ ಚೆಲ್ಲಿತು. ಅವಳ ಹೊಟ್ಟೆಗೂ ಹಲಗೆಗೂ ಒಂದು ಗೇಣು ಅಂತರ. ಅಂದಿನಿಂದ ಅವಳ ನಗು ಹೋಯಿತು. ಕೀಲಿಯ ಸದ್ದಿಗಿರಲಿ, ಯಾರದೋ ಸೈಕಲ್ ಬೆಲ್ಲಿಗೂ ಬೆಚ್ಚಿ ಹೊಟ್ಟೆ ಮುಚ್ಚಿಕೊಳ್ಳುತ್ತಿದ್ದಳು. ನನ್ನ ಬಳಿ ಬಂದು, "ಅಕ್ಕ, ಬೆಳಿಗ್ಗೆ ಮೊದಲನೇ ಗಿರಾಕಿ ಬರೋದೇ ಬೇಡ ಅನ್ಸತ್ತೆ. ವ್ಯಾಪಾರದೋರು ಹೀಗೆ ಅಂದ್ಕೋಬಹುದಾ?" ಎಂದು ಕೇಳಿದಳು.

ಮರುದಿನ ಅತ್ತೆ ಸೊಸೆಯ ಅಂಗಿ ತಂದಳು. "ಪಕ್ಕದ ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಡಮ್ಮ. ಐದು ತಿಂಗಳಾಯ್ತು."

ನಾನು ಹೊಲಿಗೆ ಬಿಚ್ಚುತ್ತಿದ್ದೆ. ಆಕೆ ಮೆಟ್ಟಿಲ ಮೇಲೆ ಕೂತು ಸುಟ್ಟ ಕಾಲನ್ನು ಚಾಚಿ ಸವರಿಕೊಂಡಳು. "ನನಗೂ ಆಗ ಐದೇ. ಮುಂದಿನ ಹಿಡಿ ನನ್ನ ಕೈಲಿತ್ತು. ಗಾಡಿ ನನ್ನ ಮೇಲೆ ಮಗುಚಿತು" ಎಂದಳು, ಯಾರದೋ ಮನೆಯ ಸುದ್ದಿ ಹೇಳುವ ಹಾಗೆ.

ನಾನು ಕತ್ತರಿ ಕೆಳಗಿಟ್ಟೆ. "ಹಾಗಾದ್ರೆ ಒಲೆ ಆರಿದ್ದು ಯಾವಾಗ? ಗಾಡಿ ಮಗುಚೋಕೆ ಮುಂಚೆಯೋ, ಆಮೇಲೋ?"

ಆಕೆ ಸುಟ್ಟ ಕಾಲಿನ ಮೇಲೆ ಸೀರೆ ಎಳೆದುಕೊಂಡಳು. ಅಂಗಿಯನ್ನು ಅರೆಬರೆ ಕೆಲಸದಲ್ಲೇ ನನ್ನ ಕೈಯಿಂದ ತೆಗೆದುಕೊಂಡು ಎದ್ದು ಹೋದಳು. ಅದೇ ಪ್ರಶ್ನೆಯನ್ನು ನಾನು ಆಗಲೇ ಹೋಗಿ ಯಜಮಾನನ ಮುಂದೆ ನಿಂತು ಕೇಳಬೇಕಿತ್ತು. ಹಿರಿಯರು, ಅವರ ಮನೆಯ ನೋವು, ನಮಗ್ಯಾಕೆ ಎಂದುಕೊಂಡು ಸುಮ್ಮನಾದೆ. ನಾವು ಹೀಗೆ ಸುಮ್ಮನಾಗಿ ಎಷ್ಟು ಜನರನ್ನು ಸುಟ್ಟಿದ್ದೇವೋ.

ನಾಲ್ಕನೆಯ ದಿನ ಕೀಲಿಗೊಂಚಲು ಅಲ್ಲಾಡಿತು. ಹನ್ನೊಂದು ಗಂಟೆ, ಎಣ್ಣೆ ಹೊಗೆಯಾಡುತ್ತಿತ್ತು. ಹಣ್ಣಿನವಳು ಓಡಿದಳು. ಮಗ ಹಿಂದಿನ ಹಿಡಿಗೆ ಕೈ ಹಾಕಿದ. ಯಜಮಾನ ಪಾತ್ರೆ ಎತ್ತಿಕೊಂಡು, "ಹೂಂ, ಹಿಡೀಮ್ಮ" ಎಂದ.

ಸೊಸೆ ಹಿಡಿಯಲಿಲ್ಲ. ಗಾಡಿಯನ್ನು ಸುತ್ತಿ ಬಂದು ಒಲೆಯ ಪಕ್ಕ ನಿಂತಳು. 

"ಮಾವ, ನಾನು ಎಳೆಯಲ್ಲ" ಎಂದಳು. ಕೈ ಚಾಚಿ ಗ್ಯಾಸ್ ಆರಿಸಿದಳು.

ಉರಿಯ ಸದ್ದು ನಿಂತದ್ದು ನನಗೂ ಕೇಳಿಸಿತು. ಯಜಮಾನ ಪಾತ್ರೆ ಕೆಳಗಿಟ್ಟು ಸೌಟು ಎತ್ತಿದ. ಅವನ ಕಣ್ಣಲ್ಲಿ ಇದ್ದದ್ದು ಕೋಪವಲ್ಲ, ದಿಗಿಲು. "ಏನು ಮಾಡಿದೆ ನೀನು? ಹೊಟ್ಟೇಲಿ ಮಗು ಇಟ್ಕೊಂಡು ಏನು ಮಾಡಿದೆ? ಹಚ್ಚು, ಬೇಗ ಹಚ್ಚು" ಎಂದು ತೊದಲಿದ. ಬೆಂಕಿಪೊಟ್ಟಣಕ್ಕಾಗಿ ತಡಕಾಡಿದ.

ಬೆಂಕಿಪೊಟ್ಟಣ ಅತ್ತೆಯ ಮುಷ್ಟಿಯಲ್ಲಿತ್ತು.

"ಒಲೆ ಆರಿದ್ದಕ್ಕೆ ಮಗು ಹೋಗ್ಲಿಲ್ಲ ರೀ" ಎಂದಳು ಆಕೆ. ಕೂಗಲಿಲ್ಲ. "ಗಾಡಿ ನನ್ನ ಮೇಲೆ ಬಿತ್ತು. ಬಿದ್ದ ಮೇಲೆ ಒಲೆ ಆರಿತು. ನಾನು ಎಣ್ಣೇಲಿ ಬಿದ್ದಿದ್ದಾಗ ಇನ್ನೂ ಉರೀತಾನೇ ಇತ್ತು. ನಾನು ನೋಡಿದೀನಿ. ನೀವು ಹಿಂದೆ ಇದ್ರಿ."

"ಇಷ್ಟು ವರ್ಷ ಹೇಳ್ಲಿಲ್ಲವಲ್ಲೇ."

"ತಪ್ಪನ್ನ ಒಲೆ ಮೇಲೆ ಹಾಕಿದ್ರೆ ನೀವು ಬದುಕ್ತೀರಿ ಅಂತ ಸುಮ್ಮನಿದ್ದೆ. ಓಡಿ ಓಡಿ ಅಂದೋರು ನೀವಲ್ವಾ? ಈಗ ಇವಳದ್ದೂ ಐದು ತಿಂಗಳು. ಇನ್ನು ಸುಮ್ಮನಿರಲ್ಲ."

ಸೌಟು ಕೆಳಗಿಳಿಯಿತು. ಯಜಮಾನ ಫುಟ್‌ಪಾತಿನ ಅಂಚಿನ ಮೇಲೆ ಕೂತುಬಿಟ್ಟ. ಅಪ್ಪನ ಮುಂದೆ ಎಂದೂ ಉಸಿರೆತ್ತದ ಮಗ ಎರಡು ಇಟ್ಟಿಗೆ ತಂದು ಗಾಡಿಯ ಚಕ್ರಕ್ಕೆ ಅಡ್ಡ ಇಟ್ಟು, ಬಾಣಲೆಗೆ ಮುಚ್ಚಳ ಹಾಕಿದ. ನಾನೂ ಯಂತ್ರ ಬಿಟ್ಟು ರಸ್ತೆ ದಾಟಿ ಸೊಸೆಯ ಪಕ್ಕ ನಿಂತೆ. ತಡವಾಗಿ, ಆದರೆ ನಿಂತೆ.

ಲಾರಿ ಬಂತು. ಇಬ್ಬರು ಇಳಿದು ಗಾಡಿಗೆ ಕೈ ಹಾಕಿದರು. ಬಾಣಲೆ ಮುಟ್ಟಿದವನು ಕೈ ಕೊಡವಿಕೊಂಡ. ಸೊಸೆ ಅವನಿಗೆ, "ಆರೋವರೆಗೂ ಕಾಯಿರಣ್ಣ, ಸುಡತ್ತೆ" ಎಂದಳು. ಅವರು ಕಾದರು; ಕುದಿಯುವ ಎಣ್ಣೆಯನ್ನು ಲಾರಿಗೆ ಹತ್ತಿಸುವ ಧೈರ್ಯ ಅವರಿಗೂ ಇರಲಿಲ್ಲ. ಆಮೇಲೆ ಗಾಡಿಯನ್ನು ಎತ್ತಿಕೊಂಡೇ ಹೋದರು. ಯಂತ್ರವನ್ನು ಬಯಲಲ್ಲಿ ಬಿಟ್ಟು ಬಂದಿದ್ದೆನಲ್ಲ, ನನ್ನದನ್ನೂ ಬಿಡಲಿಲ್ಲ.

ಒಂಬತ್ತು ದಿನ ನಗರಸಭೆಗೆ ಅಲೆದಾಡಿ ಎರಡನ್ನೂ ಬಿಡಿಸಿಕೊಂಡೆವು. ಆ ಒಂಬತ್ತು ದಿನವೂ ಯಜಮಾನ ಸೊಸೆಯ ಮುಖವನ್ನು ಕದ್ದು ಕದ್ದು ನೋಡುತ್ತಿದ್ದ. ಅವಳು ಆಕಳಿಸಿದರೂ ಅವನ ಮುಖ ಬಿಳಿಚಿಕೊಳ್ಳುತ್ತಿತ್ತು. ಅವಳಿಗೆ ಏನೂ ಆಗಲಿಲ್ಲ. ನಂಬಿಕೆ ಒಂದೇ ದಿನಕ್ಕೆ ಸಾಯುವುದಿಲ್ಲ, ಅದಕ್ಕೂ ತಿಂಗಳು ತುಂಬಬೇಕು.

ಗಾಡಿ ಮರಳಿದ ಬೆಳಿಗ್ಗೆ ಅವನು ಕಡ್ಡಿ ಗೀರಿದ. ಒಲೆಯವರೆಗೆ ಒಯ್ಯುವ ಮೊದಲೇ ಆರಿತು. ಇನ್ನೊಂದು ಗೀರಿದ, ಅದೂ ಆರಿತು. ಹೆಂಡತಿಯ ಕಾಲನ್ನು ನೋಡಿದ. ಅಷ್ಟು ವರ್ಷದಲ್ಲಿ ಅವನು ಆ ಕಾಲನ್ನು ನೇರವಾಗಿ ನೋಡಿದ್ದನ್ನು ನಾನು ಕಂಡಿರಲಿಲ್ಲ. ಬೆಂಕಿಪೊಟ್ಟಣವನ್ನು ಸೊಸೆಯ ಕೈಗೆ ಕೊಟ್ಟ.

"ನೀನೇ ಹಚ್ಚಮ್ಮ" ಎಂದ. ಬಾಣಲೆಗೆ ಎಣ್ಣೆ ಸುರಿಯುತ್ತ, "ಆರಿಸೋದೂ ನೀನೇ" ಎಂದ.